ಗುಂಡುಸೂಜಿ ಅಕ್ಕನ ಹೂಂ

ಬೀದಿಯ ತಿರುವಿನಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆಯಂತೆ. ಅದನ್ನು ಕೇಳಿದವರಿಲ್ಲ. ಸದಾ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಎಲ್ಲರಿಗೂ ಅವಳು ಗುಂಡುಸೂಜಿ ಅಕ್ಕ. ಸೂಜಿ ಕಚ್ಚಿದ ಬಾಯಿಂದ ಮಾತು ಹೊರಡುವುದುಂಟೆ? ಹೊರಡುವುದು ಒಂದೇ: "ಹೂಂ."

ಆ ಹೂಂಗಾಗಿಯೇ ಜನ ಬರುತ್ತಿದ್ದರು ಎಂದರೂ ತಪ್ಪಿಲ್ಲ. ಗುಂಡಿ ಹಾಕಿಸುವ ನೆಪ ಮಾಡಿಕೊಂಡು ಬಂದು ಗಂಡನ ಗೊರಕೆ, ಸೊಸೆಯ ಸೊಕ್ಕು, ನಾದಿನಿಯ ನಖರೆ ಎಲ್ಲವನ್ನೂ ಕತ್ತರಿಸುವ ಮೇಜಿನ ಮೇಲೆ ಹರಡಿ ಕೂರುತ್ತಿದ್ದರು. ಅಕ್ಕ ದುಃಖಕ್ಕೊಂದು ಉದ್ದನೆಯ ಹೂಂ, ಚಾಡಿಗೊಂದು ಗಿಡ್ಡ ಹೂಂ, ಸುಳ್ಳಿಗೆ ಮೂಗಿನಿಂದ ಎಳೆದ ಹೂಂ ಹಾಕುತ್ತ ಮೆಷಿನ್ ತುಳಿಯುತ್ತಿದ್ದಳು. ಎದುರು ಮನೆಯ ಅತ್ತೆ ಬೆಳಿಗ್ಗೆ ಬಂದು, ಸೊಸೆ ಸಂಜೆ ಬಂದು, ಅಕ್ಕ ನನ್ನ ಪಕ್ಷ ಎಂದು ಇಬ್ಬರೂ ಎದೆಯುಬ್ಬಿಸಿಕೊಂಡು ಹೋಗುತ್ತಿದ್ದರು. ಆದರೂ ಒಳಗೊಳಗೇ ಎಲ್ಲರಿಗೂ ಗೊತ್ತು, ಅಕ್ಕನ ಹೂಂ ಎಂದರೆ "ಕೇಳಿಸ್ತಿದೆ, ಮುಂದೆ ಹೇಳು" ಎಂದಷ್ಟೇ ಅರ್ಥ. ಅದನ್ನು "ಒಪ್ಪಿದೆ" ಎಂದು ಹಿಡಿದುಕೊಂಡವರು ಯಾರೂ ಇರಲಿಲ್ಲ, ಚಿತ್ರದಮ್ಮ ಬರುವವರೆಗೆ.

ಚಿತ್ರದಮ್ಮ ಕಡಲಾಚೆಯ ದೇಶದವಳು. ಚಿತ್ರ ಬರೆಯುವವಳು, ಅದಕ್ಕೇ ಆ ಹೆಸರು. ಅಕ್ಕನ ತಲೆಯ ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದಳು. ಭಾಷೆಯನ್ನು ಪುಸ್ತಕದಿಂದ ಕಲಿತಿದ್ದಳು, ಒತ್ತಕ್ಷರವೂ ತಪ್ಪದ ಹಾಗೆ. ಆದರೆ ಅವಳ ದೇಶದಲ್ಲಿ ಒಬ್ಬರು ಮಾತಾಡಿ ಮುಗಿಸಿ, ಒಂದು ಉಸಿರಿನಷ್ಟು ಸುಮ್ಮನಿದ್ದ ಮೇಲೆ ಇನ್ನೊಬ್ಬರು ಬಾಯಿ ತೆರೆಯುವುದು. ಇಲ್ಲೋ, ಮೂವರು ಒಟ್ಟಿಗೆ ಶುರು ಮಾಡಿದ ಮಾತನ್ನು ನಾಲ್ಕನೆಯವರು ಮುಗಿಸುವುದು. ಮಾತಿನ ನಡುವೆ ಸಂದು ಸಿಗಲೆಂದು ಅವಳು ಬಾಗಿಲಲ್ಲಿ ಬಾಯಿ ಅರ್ಧ ತೆರೆದು ಕಾದದ್ದೇ ಬಂತು. "ಪಾಪ, ಹುಡುಗಿ ಮೂಗಿ ಕಣೇ," ಎಂದು ಅಕ್ಕನ ಅತ್ತೆ ಲೊಚಗುಟ್ಟಿದಳು.

ನಲ್ಲಿ ಸೋರುತ್ತಿದೆ ಎಂದು ಅವಳು ಮನೆ ಯಜಮಾನನಿಗೆ ಹೇಳಿದಾಗ ಅವನು "ನೋಡೋಣ" ಎಂದ. ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಮುಂದೆ ಹೋಗಿ ನಿಂತು, "ಬನ್ನಿ, ನೋಡೋಣ," ಎಂದಳು. ಅವನು ನೊರೆ ನುಂಗಿಕೊಂಡ.

ಹೀಗಿರುವಾಗ, ನಡುವೆ ಬಾಯಿ ಹಾಕದೆ ಕೇಳುವ ಜೀವ ಒಂದೇ ಎಂದು ಅವಳು ಅಕ್ಕನಿಗೆ ಅಂಟಿಕೊಂಡಳು. ಒಂದು ಮಧ್ಯಾಹ್ನ ಅಕ್ಕ ಪರದೆಯ ಅಂಚು ಮಡಿಸುತ್ತ ಬಾಯಿ ತುಂಬ ಸೂಜಿ ಇಟ್ಟುಕೊಂಡಿದ್ದಳು.

"ನಿಮ್ಮ ಹೊಲಿಗೆ ಯಂತ್ರ ಬಹಳ ಹಳೆಯದು."

"ಹೂಂ."

"ಅದರ ಕಬ್ಬಿಣದ ಕಾಲುಗಳು ಬಹಳ ಸುಂದರವಾಗಿವೆ."

"ಹೂಂ."

"ನಾನು ನಿಮಗೆ ಹೊಸ ವಿದ್ಯುತ್ ಯಂತ್ರ ಕೊಡುತ್ತೇನೆ. ಇದನ್ನು ತೆಗೆದುಕೊಂಡು ಹೋಗಿ ಇದರ ಮೇಲೆ ನನ್ನ ಬಣ್ಣದ ಡಬ್ಬಿಗಳನ್ನು ಇಡುತ್ತೇನೆ."

ಅಷ್ಟು ಹೊತ್ತಿಗೆ ಅಕ್ಕ ಅಂಚಿನ ಮೂಲೆ ತಿರುಗಿಸುತ್ತಿದ್ದಳು. ಮೂಲೆ ತಿರುಗಿಸುವಾಗ ಅವಳಿಗೆ ಸಿಡಿಲು ಬಡಿದರೂ ಕೇಳಿಸದು.

"ಹೂಂ."

"ನಿಜವಾಗಿಯೂ?"

"ಹೂಂ, ಹೂಂ."

ಮಾರನೆಯ ದಿನ ಅಕ್ಕ ಅಂಗಡಿಗೆ ಹೋಗಿ ನೂಲು ತರುವಷ್ಟರಲ್ಲಿ ಮೆಷಿನ್ ಮಾಯ. ಅದರ ಜಾಗದಲ್ಲಿ ಕೆಂಪು ರಿಬ್ಬನ್ ಕಟ್ಟಿಕೊಂಡ ಬಿಳಿಯ ಪುಟ್ಟ ಮೆಷಿನ್ನೊಂದು ಕೂತಿತ್ತು. ಪ್ರೆಸ್ಸಿನ ಕೆಲಸಕ್ಕೆ ಹೊರಟಿದ್ದ ಗಂಡ ಚಪ್ಪಲಿ ಮೆಟ್ಟುತ್ತ, "ನೀನು ಒಪ್ಪಿದ್ದೀಯಂತಲ್ಲ? ನಾನೇ ಒಂದು ಕಡೆ ಹಿಡಿದು ಹತ್ತಿಸಿಕೊಟ್ಟೆ," ಎಂದ, ಬೆನ್ನು ತಟ್ಟುತ್ತಾಳೇನೋ ಎಂಬಂತೆ.

ಆ ಮೆಷಿನ್ ಅತ್ತೆಯದು. ಅದನ್ನು ತುಳಿದೇ ಅವಳು ಮಕ್ಕಳನ್ನು ಸಾಕಿದ್ದು. ಕಣ್ಣು ಮಂಜಾದ ಮೇಲೆ ಸೊಸೆಗೆ ಬಿಟ್ಟುಕೊಟ್ಟು, ಒಳಕೋಣೆಯಲ್ಲಿ ಮಲಗಿ ಅದರ ಗಡಗಡ ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು. ಗಡಗಡ ನಿಂತರೆ ನಿದ್ದೆಯೂ ನಿಲ್ಲುತ್ತಿತ್ತು. ಬಿಳಿ ಮೆಷಿನ್ನಿಗೋ, ಕಾಲು ತಗುಲಿದರೆ ಸಾಕು, ಹಗ್ಗ ಬಿಚ್ಚಿದ ಕರುವಿನ ಓಟ. ಅಕ್ಕ ಒಂದು ಅಂಗಿಯ ತೋಳನ್ನು ಕಾಲರಿಗೇ ಹೊಲಿದುಬಿಟ್ಟಳು.

"ಇದೇನೇ, ಮೆಷಿನ್ನು ಸೊಳ್ಳೆ ಥರ ಗುಂಯ್ ಅಂತಿದೆ?" ಒಳಗಿನಿಂದ ಅತ್ತೆ.

ಅಕ್ಕ ಅಳುತ್ತ ಎಲ್ಲ ಹೇಳಿದಳು.

"ನೀನೇ ಹೂಂ ಅಂದೆ, ನೀನೇ ಹೋಗಿ ಊಹೂಂ ಅನ್ನು. ಒಂದಕ್ಷರ ಜಾಸ್ತಿ, ಅಷ್ಟೇ," ಎಂದ ಮಧ್ಯಾಹ್ನದ ಊಟಕ್ಕೆ ಬಂದ ಗಂಡ.

ಅಕ್ಕನಿಗೆ ಹುಟ್ಟಿದಾಗಿನಿಂದ ಬಾರದ ಅಕ್ಷರವೆಂದರೆ ಅದೇ. ಆದರೂ ಮೆಟ್ಟಿಲು ಹತ್ತಿ ಹೋದಳು. "ಸುಮ್ನೆ ಬಂದೆ. ಬಿಸಿಲು ಜಾಸ್ತಿ ಅಲ್ವಾ? ಮೆಷಿನ್ನು ಇಲ್ಲೂ ಚೆನ್ನಾಗೇ ಕಾಣುತ್ತೆ ಬಿಡಿ. ನಮ್ಮತ್ತೆಗೇ ನೋಡಿ, ಕಣ್ಣಿಗೆ ಕಣ್ಣು ಹತ್ತಿಲ್ಲ." ನಮ್ಮವರಾಗಿದ್ದರೆ ಇಷ್ಟಕ್ಕೇ ಮೆಷಿನ್ ಹೊತ್ತುಕೊಂಡು ಕೆಳಗೆ ಓಡಿ ಬರುತ್ತಿದ್ದರು. ಚಿತ್ರದಮ್ಮ ಕೊನೆಯವರೆಗೂ ಕೇಳಿ, ಒಂದು ಉಸಿರು ಕಾದು, ಕಳಕಳಿಯಿಂದ, "ಅತ್ತೆಯವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ," ಎಂದಳು.

ಅಕ್ಕ ಬರಿಗೈಯಲ್ಲಿ ಇಳಿದು ಬಂದಳು. ಅತ್ತೆ ಎದ್ದು ಸೆರಗು ಸಿಕ್ಕಿಸಿದಳು. "ಕೈ ಹಿಡಿದು ಹತ್ತಿಸು. ಅವನನ್ನೂ ಕರಿ, ಹಿಡಿಯೋಕೆ ಬೇಕಾಗ್ತಾನೆ."

ಮೇಲೆ ಹೋಗಿ ಬಣ್ಣ ಮೆತ್ತಿದ ಕುರ್ಚಿಯಲ್ಲಿ ಕೂತು, "ಕಥೆ ಕೇಳ್ತೀಯೇನವ್ವ?" ಎಂದಳು. ಚಿತ್ರದಮ್ಮ ಖುಷಿಯಿಂದ ಕೈ ಕಟ್ಟಿ ಕುಳಿತಳು. ಅತ್ತೆ ಒಂದು ಮಾತು ಹೇಳಿ ನಿಲ್ಲಿಸಿದಳು.

"ಏಕೆ ನಿಲ್ಲಿಸಿದಿರಿ?"

"ನೀನು ಕೇಳ್ತಾನೇ ಇಲ್ವಲ್ಲ."

"ಕೇಳುತ್ತಿದ್ದೇನೆ! ಅದಕ್ಕಾಗಿಯೇ ಸುಮ್ಮನಿದ್ದೇನೆ."

"ಸುಮ್ನಿರೋಕೆ ಗೋಡೆ ಇದೆ ತಾಯಿ. ನೀನು ಹೂಂ ಅನ್ಬೇಕು. ಇಲ್ದಿದ್ರೆ ಕಥೆ ಮುಂದಕ್ಕೆ ಹೆಜ್ಜೆ ಇಡಲ್ಲ. ಒಬ್ಬಳು ಮುದುಕಿ ಇದ್ದಳು."

"ಹೂಂ."

"ಅವಳ ಹತ್ರ ಒಂದು ಕಬ್ಬಿಣದ ಕುದುರೆ."

"ಹೂಂ."

"ಕುದುರೆ ಓಡಿದ್ರೇನೇ ಮುದುಕಿಗೆ ನಿದ್ದೆ."

"ಹೂಂ!" ಚಿತ್ರದಮ್ಮನಿಗೆ ಲಯ ಸಿಕ್ಕಿತ್ತು, ಕಣ್ಣು ಹೊಳೆಯುತ್ತಿತ್ತು.

"ಮೇಲ್ಮನೆ ರಾಣಿ ಬಂದು ಕುದುರೆ ಒಯ್ದಳು. ಅದರ ಬೆನ್ನ ಮೇಲೆ ಡಬ್ಬಿ ಹೇರಿದಳು."

"ಹೂಂ!"

"ಅವತ್ತೇ ಸಂಜೆ ಕುದುರೇನ ವಾಪಸ್ ಕೊಟ್ಟುಬಿಟ್ಟಳು."

"ಹೂಂ!"

"ಒಪ್ಪಿದಳು! ಹಿಡಿಯೋ ಮಗನೇ, ಇಳಿಸೋ ಮೆಷಿನ್ನು!"

ಮಗ ಬಣ್ಣದ ಡಬ್ಬಿಗಳನ್ನು ಸರಸರ ಕೆಳಗಿಟ್ಟು ಒಂದು ಕಡೆ ಹಿಡಿದೇ ಬಿಟ್ಟ.

"ನಿಲ್ಲಿ, ನಿಲ್ಲಿ! ನಾನು ಒಪ್ಪಲಿಲ್ಲ! ಕಥೆ ಕೇಳುತ್ತಿದ್ದೆ, ಅಷ್ಟೇ!"

ಅತ್ತೆ ಗಲ್ಲ ಎತ್ತಿ ಸೊಸೆಯ ಕಡೆ ತೋರಿಸಿದಳು. ಅವಸರದಲ್ಲಿ ಬಂದಿದ್ದ ಅಕ್ಕ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ನಿಂತಿದ್ದಳು.

"ಹೂಂ," ಎಂದಳು ಅಕ್ಕ.

ಚಿತ್ರದಮ್ಮ ತನ್ನ ದೇಶದ ಲೆಕ್ಕದಲ್ಲಿ ಸುಮ್ಮನಾದಳು, ಒಂದು ಉಸಿರಲ್ಲ, ಹತ್ತಾರು ಉಸಿರು. ಮುಖ ಟೊಮೆಟೊ ಹಣ್ಣಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಹಾಗಾದರೆ ನಿನ್ನೆ ನೀವು ಕೂಡ..."

"ಹೂಂ."

"ಇದು ಯಾವ ಹೂಂ?"

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು. "ಇದು ನಿಜವಾದ್ದು."

ಮೆಷಿನ್ ಇಳಿಯುವಾಗ ಇನ್ನೊಂದು ಕಡೆ ಹಿಡಿದವಳು ಚಿತ್ರದಮ್ಮನೇ. ಅಕ್ಕ ಸ್ಟೂಲ್ ಎಳೆದುಕೊಂಡು ತುಳಿದಳು. ತೋಳು ಕಾಲರಿನಿಂದ ಬಿಡಿಸಿಕೊಂಡು ತನ್ನ ಜಾಗಕ್ಕೆ ಹೋಗುವ ಮೊದಲೇ ಒಳಕೋಣೆಯಿಂದ ಅತ್ತೆಯ ಗೊರಕೆ ಕೇಳಿಸಿತು.

"ಹೊಸ ಯಂತ್ರವನ್ನೂ ಇಟ್ಟುಕೊಳ್ಳಿ. ಉಡುಗೊರೆ," ಎಂದಳು ಚಿತ್ರದಮ್ಮ.

ಅಕ್ಕ ಅದನ್ನು ನೋಡಿದಳು. ಅಂಗಿಯ ತೋಳನ್ನು ನೋಡಿದಳು. "ನೋಡೋಣ," ಎಂದಳು.

ಚಿತ್ರದಮ್ಮ ಒಂದು ಉಸಿರು ಕೂಡ ಕಾಯಲಿಲ್ಲ. ಬಿಳಿ ಮೆಷಿನ್ನನ್ನು ಬಗಲಿಗೆ ಏರಿಸಿಕೊಂಡು ಮೆಟ್ಟಿಲು ಹತ್ತಿದಳು.