ಬೈತಲೆಯಲ್ಲಿದ್ದ ಸೀಸ

ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆಮಾಡಿ ಬಿಸಾಡುವಾಗ ನೀವೂ ನನ್ನ ಹಾಗೆ ಅದನ್ನು ಎರಡನೆಯ ಸಲ ನೋಡಿರಲಾರಿರಿ. ತಲೆಯ ಮೇಲಿದ್ದರೆ ಸಿಂಗಾರ, ಅನ್ನದಲ್ಲಿ ಸಿಕ್ಕರೆ ಜಗಳ, ನೆಲಕ್ಕೆ ಬಿದ್ದರೆ ಕಸ. ನನ್ನ ಅಕ್ಕ ಗಿರಿಜೆಯ ಬೆರಳ ತುದಿಗಳು ಜೋಮು ಹಿಡಿಯತೊಡಗುವವರೆಗೆ ಕೂದಲಿನ ಬಗ್ಗೆ ನನಗಿದ್ದ ತಿಳಿವಳಿಕೆ ಇಷ್ಟೇ.

ಅಕ್ಕ ಚಂದ್ರಾ ಲೇಔಟಿನಲ್ಲಿ ಬಾಡಿಗೆಗಿದ್ದಾಳೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಸೀಮೆಸುಣ್ಣ ಹಿಡಿದರೂ ಹಿಡಿದಂತೆನಿಸದು, ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಮನೆಯ ಹಿಂದಿನ ರಸ್ತೆಯಲ್ಲಿ ಹಳೆಯ ಬ್ಯಾಟರಿ ಬಿಚ್ಚುವ ಶೆಡ್ಡೊಂದಿದೆ. ಅಲ್ಲಿನ ಸೀಸ ಗಾಳಿಯಲ್ಲಿ ತೇಲಿಬಂದು ಮೈ ಸೇರಿರಬೇಕೆಂದು ಅವಳ ಸಹೋದ್ಯೋಗಿಯೊಬ್ಬರಿಗೆ ಅನುಮಾನ. ಬುಡದಿಂದ ಮೆಲ್ಲಗೆ ಬೆಳೆದುಬರುವ ಕೂದಲು ನೆತ್ತರಿನಲ್ಲಿ ಹರಿದದ್ದನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ಲ್ಯಾಬಿಗೆ ಕಳಿಸಿದರೆ ಅಳೆದು ಹೇಳುತ್ತಾರೆ ಎಂದವರೂ ಅವರೇ.

ಕತ್ತರಿ ಹಿಡಿದವಳು ನಾನು. ಕತ್ತಿನ ಹಿಂಭಾಗದಿಂದ ತೆಗೆಯಿರಿ ಎಂದು ಲ್ಯಾಬಿನವರು ಹೇಳಿದ್ದರೂ ಅಕ್ಕ ಒಪ್ಪಲಿಲ್ಲ.

"ಜಡೆ ಮುಟ್ಬೇಡ ಕಣೇ. ಮುಂದೆ ಗಿಡ್ಡ ಕೂದಲಿದ್ಯಲ್ಲ, ಅದನ್ನೇ ತಗೋ."

ಸೀಸ ಮಿತಿಮೀರಿದೆ ಎಂದು ವರದಿ ಬಂತು. ಭಾವ ಕಿಟಕಿಗಳನ್ನೆಲ್ಲ ಮುಚ್ಚಿ, ಬೇರೆ ಮನೆ ಹುಡುಕುತ್ತ ಸ್ಕೂಟರಿನಲ್ಲಿ ಬಸವೇಶ್ವರನಗರವನ್ನೆಲ್ಲ ಸುತ್ತಿದರು. ಅಕ್ಕ ತನಗಿಂತ ಹೆಚ್ಚಾಗಿ ಮಗಳಿಗಾಗಿ ಹೆದರಿದಳು. "ಅವಳೂ ಇದೇ ಗಾಳಿ ಕುಡಿದು ಬೆಳೆದಿದಾಳಲ್ಲೇ" ಎಂದು ಫೋನಿನಲ್ಲಿ ಅತ್ತಾಗ ನಾನೇ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ.

ವಿಜಯನಗರದ ಡಾಕ್ಟರಮ್ಮ ವರದಿಯನ್ನು ಪಕ್ಕಕ್ಕಿಟ್ಟು ಅಕ್ಕನ ಮುಖವನ್ನೇ ನೋಡಿದರು.

"ಕೂದಲು ಎಲ್ಲಿಂದ ಕತ್ತರಿಸಿದ್ರಿ?"

ನಾನು ಅಕ್ಕನ ಬೈತಲೆ ತೋರಿಸಿದೆ.

"ಅಲ್ಲೇ ದಿನಾ ಕುಂಕುಮ ಇಡ್ತೀರಲ್ವಾ? ಕೆಲವು ಕುಂಕುಮದಲ್ಲಿ ಸೀಸ ಬೆರೆತಿರುತ್ತೆ ಕಣ್ರೀ. ಮೇಲೆ ಮೆತ್ಕೊಂಡಿದ್ಯಾವುದು, ಒಳಗಿಂದ ಬಂದಿದ್ಯಾವುದು ಅಂತ ಕೂದಲು ಬಿಡಿಸಿ ಹೇಳಲ್ಲ. ಸೀಸಕ್ಕೆ ರಕ್ತಾನೇ ನೋಡ್ಬೇಕು. ಮಗಳದ್ದೂ ನೋಡೋಣ."

ಭರಣಿಯಲ್ಲಿದ್ದ ಬಿಡಿ ಕುಂಕುಮವನ್ನೂ ಪರೀಕ್ಷೆಗೆ ಕೊಟ್ಟೆವು. ಸೀಸವಿದ್ದದ್ದು ಅದರಲ್ಲೇ. ತಾಯಿ ಮಗಳಿಬ್ಬರ ರಕ್ತದಲ್ಲೂ ಹೆದರುವಂಥದ್ದೇನೂ ಇರಲಿಲ್ಲ. ಅಕ್ಕನಿಗೆ ಬಿ-ಹನ್ನೆರಡು ಜೀವಸತ್ವ ತೀರಾ ಕಡಿಮೆಯಾಗಿತ್ತು. ಬೆರಳಿನ ಜೋಮು, ಸುಸ್ತು ಎರಡೂ ಅದರಿಂದಲೇ ಇರಬೇಕು, ಇಂಜೆಕ್ಷನ್ನಿನಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರಮ್ಮ. ಆ ಕುಂಕುಮವನ್ನು ಮಾತ್ರ ಮತ್ತೆ ಮುಟ್ಟಕೂಡದು.

ಕೂದಲು ಸುಳ್ಳು ಹೇಳಿತೆಂದು ಈಗಲೂ ನನಗನ್ನಿಸುವುದಿಲ್ಲ. ತನ್ನನ್ನು ಸೋಕಿದ್ದನ್ನು ಅದು ಪ್ರಾಮಾಣಿಕವಾಗಿಯೇ ಹೇಳಿತ್ತು. ಸೋಕಿದ್ದೆಲ್ಲ ಒಳಗಿಳಿದೇ ಇರುತ್ತದೆಂದು ತಿಳಿದು ನಡುಗಿದವರು ನಾವು. ಯಾರದೋ ಒಂದು ಮಾತು, ಒಂದು ಓರೆನೋಟ ಮೈಗೆ ಮೆತ್ತಿದಾಗಲೂ ಎದೆಯೊಳಗೇ ವಿಷ ಇಳಿಯಿತೆಂದು ನಾವೆಷ್ಟು ಸಲ ಒದ್ದಾಡಿಲ್ಲ!

ಹೊರಗೆ ಬಂದ ಅಕ್ಕ ಕ್ಲಿನಿಕ್ಕಿನ ಮೆಟ್ಟಿಲ ಮೇಲೇ ಕೂತು ಭಾವನಿಗೆ ಫೋನ್ ಮಾಡಿದಳು.

"ರೀ, ಮನೆ ನೋಡೋದು ಬಿಟ್ಟು ಬನ್ನಿ. ನಾನೂ ಮಗಳೂ ಇಬ್ರೂ ಚೆನ್ನಾಗಿದೀವಿ."

ಆ ಕಡೆಯಿಂದ, ನಡುರಸ್ತೆಯ ಹಾರನ್ನುಗಳ ನಡುವೆ, ಭಾವ ಜೋರಾಗಿ ಮೂಗು ಸೀಟಿದ ಸದ್ದು ಕೇಳಿತು. ಅಕ್ಕ ನನ್ನ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ನಗತೊಡಗಿದೆವು.