ಛತ್ರಿಯ ಕರಡಿಗೆ ನಾನು ಕಟ್ಟಿದ ಕಥೆ

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬರುತ್ತದೆ ಎಂದು ಒಬ್ಬ ತಂದೆಯನ್ನು ನಂಬಿಸಿ, ಅವನ ಹುಟ್ಟಲಿರುವ ಮಗುವಿಗಾಗಿ ಸುಳ್ಳು ಕಥೆಯೊಂದನ್ನು ಬಾಯಿಪಾಠ ಮಾಡಿಸಿದೆ. ಅದು ಬಯಲಾದ ದಿನ, ತಪ್ಪು ನನ್ನದೆಂದು ಹೇಳದೆ ಸುಮ್ಮನೆ ನಿಂತೆ. ಮೊದಲನೆಯದನ್ನು ತಮಾಷೆ ಎನ್ನಬಹುದೇನೋ. ಎರಡನೆಯದನ್ನು —

ಹಾವೇರಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮುಂದೆಲ್ಲ ನೋಟ್‌ಬುಕ್ಕು, ಪೆನ್ನು. ಹಿಂದಿನ ಒಂದು ಕಪಾಟಿನಲ್ಲಿ ಮಾತ್ರ ನನ್ನ ಮನಸ್ಸಿಗೆ ಬಂದ ಸಾಮಾನು: ಚಾವಿ ಕೊಟ್ಟರೆ ಹಿಂದಕ್ಕೇ ನಡೆಯುವ ತಗಡಿನ ಕಪ್ಪೆ, ತಳದಲ್ಲಿ ಮೊಲ ಅಡಗಿ ಕೂತ ಲೋಟ, ಹುಬ್ಬಳ್ಳಿಯಿಂದ ಗಂಟು ಕಟ್ಟಿಸಿ ತರಿಸಿದ ಹಳೆಯ ಇಂಗ್ಲಿಷ್ ಚಿತ್ರಪುಸ್ತಕಗಳು.

ಹದಿಮೂರು ವರ್ಷದ ಹಿಂದೆ ಒಂದು ಭಾನುವಾರ ಫಕ್ಕೀರಪ್ಪ ಬಂದ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವವನು. ಅವನು ಒಳಗೆ ಬಂದ ಕೂಡಲೇ ನಾನು ಎರಡು ಸಲ ಸೀನಿದೆ. ಅವನ ಹೆಂಡತಿ ರೇಣುಕಾ ಆಗ ಏಳು ತಿಂಗಳ ಬಸುರಿ. ಕಪ್ಪೆಗೆ ಚಾವಿ ಕೊಟ್ಟು ಬಿಟ್ಟು, ಅದು ಹಿಂದೆ ಹೋದಾಗಲೆಲ್ಲ ನಕ್ಕ. ಆಮೇಲೆ ಒಂದು ಪುಸ್ತಕ ಎತ್ತಿಕೊಂಡ. ಮೇಲೆ, ತಲೆಕೆಳಗಾದ ಛತ್ರಿಯಲ್ಲಿ ಕೂತು ಹೊಳೆಯಲ್ಲಿ ತೇಲುವ ದಪ್ಪ ಕರಡಿ. ಹಿಂದೆ ಸಾಲಾಗಿ ಬಾತುಕೋಳಿಗಳು.

"ಹೊಟ್ಯಾಗಿನ ಕೂಸಿಗೂ ಕಥಿ ಕೇಳಸ್ತೈತಂತ ನರ್ಸಕ್ಕಾರು ಹೇಳ್ಯಾರ್ರಿ," ಎಂದ. "ನಂಗ ಓದಾಕ ಬರೂದಿಲ್ಲ. ನೀವು ಓದಿ ಹೇಳ್ರಿ ಅಕ್ಕಾರ, ನಾ ಬಾಯಿಪಾಠ ಮಾಡ್ಕೊಂತೇನಿ."

ನನಗೂ ಬರೂದಿಲ್ಲಪ್ಪ — ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಓಣಿಯಲ್ಲಿ ನಾನು ಓದಿದವಳೆಂದು ಹೆಸರಾಗಿತ್ತು. ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಯನ್ನು ನಾನು ಎಂದೂ ದಾಟಿರಲಿಲ್ಲವೆಂದು ಯಾರಿಗೂ ಹೇಳಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತ ಹೇಳತೊಡಗಿದೆ: ಕರಡಿವ್ವ ಹಡೆಯಲು ತವರಿಗೆ ಹೊರಟಿದ್ದಾಳೆ; ಬಾತುಕೋಳಿಗಳು ಅವಳನ್ನು ಹೊಳೆ ದಾಟಿಸಿ ಬರಲು ಜೊತೆಗೆ ಹೊರಟಿವೆ...

ಪುಸ್ತಕ ಕೊಂಡುಕೊಂಡು, ಮೂರು ಭಾನುವಾರ ರೈಲಿನಲ್ಲಿ ಬಂದು ಅವನು ಕಥೆಯನ್ನು ಪುಟಪುಟವಾಗಿ ಕಲಿತ. ನಾನು ಮರೆತು ಬೇರೆ ಹೇಳಿದರೆ, "ಹೋದ ವಾರ ಹಿಂಗ ಹೇಳಿರ್ಲಿಲ್ಲಲ್ರಿ," ಎಂದು ತಿದ್ದುತ್ತಿದ್ದ. ಅವನು ಅಷ್ಟು ನಂಬಿಕೆಯಿಂದ ಕಲಿಯುವಾಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನಿಜ ಹೇಳಬೇಕೆಂದರೆ, ಖುಷಿಯಾಗುತ್ತಿತ್ತು.

ಅಕ್ಷತಾ ಹುಟ್ಟಿದಳು. ಅವಳು ಎಂಟು ವರ್ಷದವಳಾದಾಗ ರೇಣುಕಾ ಮತ್ತೆ ಬಸುರಿಯಾದಳು; ತಂದೆ ಮಗಳು ಇಬ್ಬರೂ ಪುಸ್ತಕ ಆರಿಸಲು ಬಂದರು. ಹುಡುಗಿ ಆ ಹೊತ್ತಿಗೆ ಇಂಗ್ಲಿಷ್ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದಳು.

"ಅಪ್ಪ ಎಲ್ಲಾ ಸುಳ್ಳು ಹೇಳ್ಯಾನ್ರಿ," ಎಂದಳು ನಗುತ್ತ. "ಆ ಕರಡಿ ಕಳ್ಳ ಐತಿ. ಬಾತುಕೋಳಿಗಳ ಛತ್ರಿ ಕದ್ದು ಓಡಾಕತ್ತೈತಿ. ಅವು ಬೆನ್ನ ಹತ್ಯಾವು. ನಾ ಸಾಲ್ಯಾಗ ತವರಿನ ಕಥಿ ಹೇಳಿದೆ, ಎಲ್ಲಾರೂ ನಕ್ಕರು."

ಫಕ್ಕೀರಪ್ಪ ನನ್ನ ಕಡೆ ನೋಡಿದ. ಸಂಶಯದಿಂದಲ್ಲ — ನಾನು ತಪ್ಪು ಹೇಳಿರಬಹುದೆಂಬ ಯೋಚನೆಯೇ ಅವನಿಗೆ ಬರಲಿಲ್ಲ. "ನಾನ ತಪ್ಪ ಕೇಳಿಸ್ಕೊಂಡಿರಬೇಕ್ರಿ ಅಕ್ಕಾರ," ಎಂದ. ಕೈಯಲ್ಲಿದ್ದ ಹೊಸ ಪುಸ್ತಕವನ್ನು ಕಪಾಟಿನಲ್ಲಿಟ್ಟ. "ಕಥಿ ಇನ್ನ ಇಕೀನ ಓದ್ಲಿ ಬಿಡ್ರಿ." ಒಂದು ಗಿಲಕಿ ಮಾತ್ರ ತೆಗೆದುಕೊಂಡು ಹೋದ.

ನಾನು ಚಿಲ್ಲರೆ ಎಣಿಸಿಕೊಟ್ಟೆ. ಬೇರೆ ಒಂದು ಮಾತೂ ಆಡಲಿಲ್ಲ.

ಎರಡನೆಯವಳಿಗೆ ಅವನು ಒಂದು ಕಥೆಯನ್ನೂ ಹೇಳಲಿಲ್ಲ. ಇದು ನನಗೆ ತಿಳಿದದ್ದು ಈ ವರ್ಷ, ರೇಣುಕಾ ಅಂಗಡಿಗೆ ಬಂದಾಗ. "ಮೊದಲ ಎಷ್ಟ ಕಥಿ ಹೇಳ್ತಿದ್ರು. ಈಗ ತಪ್ಪಾಗ್ತೈತಿ ಅಂತ ಬಾಯಿನ ಬಿಡೂದಿಲ್ರಿ," ಎಂದಳು ಸಹಜವಾಗಿ.

ಮರುದಿನವೇ ಬ್ಯಾಡಗಿಗೆ ಹೋದೆ. ಫಕ್ಕೀರಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. "ಕುಂದ್ರಿ ಅಕ್ಕಾರ," ಎಂದ. ನಿಂತೇ ಎಲ್ಲ ಹೇಳಿದೆ — ಇಂಗ್ಲಿಷ್ ಬಾರದ್ದು, ಬೆರಳಾಡಿಸಿದ್ದು, ಅವತ್ತು ಬಾಯಿ ಮುಚ್ಚಿಕೊಂಡಿದ್ದು.

"ಅಂದ್ರ," ಎಂದ ಅವನು, "ನಾ ಬರೋಬ್ಬರಿ ಕಲ್ತಿದ್ದೆ ಅನ್ರಿ."

"ಒಂದ ಅಕ್ಷರ ತಪ್ಪಿರ್ಲಿಲ್ಲಪ್ಪ."

ಅವನು ಅಕ್ಷತಾಳನ್ನು ಕರೆದ. "ಇಕಿಗೂ ಹೇಳ್ರಿ," ಎಂದ. ಹದಿಮೂರರ ಹುಡುಗಿಯ ಎದುರು ಹೇಳುವುದು ಹೆಚ್ಚು ಕಷ್ಟವಾಯಿತು. ಅವಳು ಹೋಗಿ ತಂದೆಯ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತಳು. "ನಿನ್ನ ಕಥಿನ ಚಲೋ ಇತ್ತಪಾ," ಎಂದಳು. ಅವನು ಐದು ವರ್ಷದ ಕಿರಿಯವಳನ್ನು ತೊಡೆಯ ಮೇಲೆ ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಕರಡಿವ್ವ ತವರಿಗೆ ಹೊರಟಳು ಎಂದು ಶುರು ಮಾಡಿದ. ನಡುವೆ ಎಲ್ಲೂ ತಡವರಿಸಲಿಲ್ಲ.

ನನ್ನನ್ನು ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅವರ ಮನೆಯ ಚಹಾ ಕುಡಿದು ನೆಮ್ಮದಿಯಿಂದಲೇ ಹಿಂತಿರುಗಿದೆ, ಆದರೆ ಕಥೆಯಿಲ್ಲದೆ ಹೋದ ಆ ಐದು ವರ್ಷ ಆ ಸಣ್ಣ ಹುಡುಗಿಯವು. ಅವನ್ನು ತಂದುಕೊಡುವುದು ನನ್ನಿಂದಾಗುವುದಿಲ್ಲ.