ಓಬಳಪ್ಪನಿಗೆ ಬಾರದ ಅನುಮಾನ

ಮಾಡದ ಕೊಲೆಗೆ ನಾಲ್ಕು ವರ್ಷ ಜೈಲಿನಲ್ಲಿದ್ದು, ನಿರ್ದೋಷಿಯೆಂದು ಬಿಡುಗಡೆಯಾಗಿ ಬಂದ ಓಬಳಪ್ಪ ಹಿಂದೂಪುರದ ಹುಣಸೆ ಮಂಡಿಯಲ್ಲಿ ಹಮಾಲಿ. ತನ್ನಂತೆ ಸಿಕ್ಕಿಬಿದ್ದವರ ಪರವಾಗಿ ಕೋರ್ಟಿಗೆ ಅಲೆಯುವುದನ್ನೂ ಅವನು ಬಿಟ್ಟವನಲ್ಲ. ಆದರೆ ಕೆಟ್ಟ ಮಾಲು ಅಡಗಿದೆಯೇ ಎಂದು ಹುಣಸೆ ಮೂಟೆಯ ತಳಕ್ಕೆ ಕೈ ಹಾಕಿ ನೋಡುವಂತೆ ಮನುಷ್ಯರನ್ನೂ ನೋಡುವ ಚಾಳಿ ಅವನಿಗೆ ಅಂಟಿಕೊಂಡಿತ್ತು.

ಒಂದು ಬೆಳಿಗ್ಗೆ ಬೆಳುಗುಪ್ಪದ ಮುದುಕಿ ಈರಕ್ಕ ಅವನನ್ನು ಹುಡುಕಿಕೊಂಡು ಬಂದಳು. ಬೋರ್‌ವೆಲ್ ಮೋಟರು ಕದ್ದನೆಂದು ಅವಳ ಮಗ ದಯಾನಂದನನ್ನು ಕಲ್ಯಾಣದುರ್ಗದಲ್ಲಿ ಪೊಲೀಸರು ಹಿಡಿದಿಟ್ಟಿದ್ದರು.

“ನನ್ನ ಹೆಸರು ಯಾರು ಹೇಳಿದ್ರಮ್ಮ?”

“ರಿಟೈರಾದ ಪೊಲೀಸು ಜಯಚಂದ್ರ, ಕಣಪ್ಪ.”

ಹೆಗಲ ಮೇಲಿನ ಮೂಟೆಯನ್ನು ಇಳಿಸದೆಯೇ ಓಬಳಪ್ಪ ಅವಳನ್ನು ದಿಟ್ಟಿಸಿದ. ಅವನನ್ನು ಹೊಡೆದು ಸುಳ್ಳು ಕೇಸು ಹಾಕಿದವನೇ ಜಯಚಂದ್ರ. ಈ ಮುದುಕಿಯನ್ನು ಮುಂದೆ ಬಿಟ್ಟು ತನ್ನನ್ನು ಮತ್ತೆ ಸಿಕ್ಕಿಸುವ ಉಪಾಯವೇ?

“ಅವನ್ಯಾಕೆ ಕಳಿಸ್ದ?”

“‘ನಾನೆಷ್ಟು ಹೊಡೆದ್ರೂ ಒಪ್ಕೊಳ್ದಿದ್ದೋನು ಅವನೊಬ್ನೇ, ಅವನ್ತಾವ್ಲೇ ಹೋಗು’ ಅಂದ.”

“ನೀನು ನಂಬ್ಬುಟ್ಯಾ?”

“ಅವನ್ನೂ ನಂಬಿಲ್ಲ, ನಿನ್ನೂ ನಂಬಿಲ್ಲ. ನೀನೂ ಜೈಲಿಂದ ಬಂದೋನೇ ತಾನೇ? ನನ್ ಮಗ ಒಳಗವ್ನೆ, ಅದಕ್ಕೆ ಬಂದೆ.”

ಆ ಮಾತಿನಲ್ಲಿ ಮಾತ್ರ ಅವನಿಗೆ ಮೋಸ ಕಾಣಲಿಲ್ಲ. ಹೆಗಲ ಮೂಟೆ ಇಳಿಸಿ ಅವಳೊಡನೆ ಕಲ್ಯಾಣದುರ್ಗದ ಬಸ್ಸು ಹತ್ತಿದ. ಆದರೂ ಪಕ್ಕದಲ್ಲಿ ಕೂರದೆ, ಅವಳ ಹಿಂದಿನ ಸೀಟಿನಲ್ಲಿ ಕುಳಿತು, ಹತ್ತುವವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದ.